ಹಿರಿಯ ನಕ್ಷೆಗಾರರ ಅಂಗೈ ಒಣಗಿಸುವ ಬಗ್ಗೆ

ಸಂಖ್ಯೆ: ನಶಾ/ಬೆವರು/17/ತಿದ್ದಿದ ಪ್ರತಿ-3
(ಮೊದಲೆರಡು ಪ್ರತಿಗಳನ್ನು ಓದಿದವರು ಓದಿಲ್ಲವೆಂದು ಭಾವಿಸಿಕೊಳ್ಳತಕ್ಕದ್ದು)

ಸುತ್ತೋಲೆ

ವಿಷಯ: ನಕ್ಷೆ ಶಾಖೆಯ ಹಿರಿಯ ನಕ್ಷೆಗಾರರ ಅಂಗೈಯಲ್ಲಿ ಬರುವ ಅತಿಯಾದ ಬೆವರು, ಅದಕ್ಕಾಗಿ ತರಿಸಿದ ಬೆವರು ತಡೆಯುವ ಲೇಪನದ ಬಾಟಲಿ (ಒಂದು), ಮತ್ತು ಅವರನ್ನು ಮೇಜಿನಲ್ಲಿ ಮುಂದುವರಿಸುವ ಬಗ್ಗೆ.

ಉಲ್ಲೇಖ: 1) ಭೂಮಾಪಕರಿಬ್ಬರ ಸ್ಥಳ ಪರಿಶೀಲನಾ ವರದಿ. 2) ವೈದ್ಯರ ಚೀಟಿ (ಓದಲು ಸಾಧ್ಯವಾದಷ್ಟು). 3) ನಕ್ಷೆಗಾರರ ಅಕ್ಕನವರ ಪತ್ರ (ನಿಗದಿತ ನಮೂನೆಯಲ್ಲಿಲ್ಲ).

1. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಕಳೆದ ತಿಂಗಳು ಹದಿನಾಲ್ಕನೇ ಹಾಳೆಗೆ ಶಾಯಿ ಹಾಕುತ್ತಿದ್ದಾಗ ಹಿರಿಯ ನಕ್ಷೆಗಾರರ ಅಂಗೈಯಿಂದ ಒಂದು ಹನಿ ಬೆವರು ಗಡಿರೇಖೆಯ ಮೇಲೆ ಬಿದ್ದು, ನೀಲಿ ಶಾಯಿ ಹರಡಿ, ಸುಮಾರು ಕಾಲು ಎಕರೆಯ ಕೆರೆಯೊಂದು ಉಂಟಾಗಿರುತ್ತದೆ. ಪರಿಶೀಲನಾ ಶಾಖೆಯು ಸದರಿ ಕೆರೆಗೆ ಸಂಖ್ಯೆ ನೀಡಿ, ಆಳ ಅಳೆಯಲು ಭೂಮಾಪಕರಿಬ್ಬರನ್ನು ಕಳುಹಿಸಿತು. ಅವರು ಹಗ್ಗ ಮತ್ತು ಗುಂಡುಕಲ್ಲಿನೊಂದಿಗೆ ತಲುಪಿದ ಸ್ಥಳವು ಒಬ್ಬ ಅಜ್ಜಿಯ ಹಿತ್ತಲಾಗಿತ್ತು. ಅಜ್ಜಿಯ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಇಲ್ಲಿ ಕೆರೆ ಇದ್ದಿದ್ರೆ ನಾನ್ಯಾಕಪ್ಪಾ ಬೆಳಗಾದ್ರೆ ನಲ್ಲಿ ಮುಂದೆ ಬಿಂದಿಗೆ ಇಟ್ಕೊಂಡು ಕಾಯ್ತಿದ್ದೆ? ಸಿಕ್ಕಿದ್ರೆ ನಂಗೂ ಒಂದು ಮಾತು ಹೇಳಿ ಹೋಗಿ." ಕೆರೆಯು ಬತ್ತಿದೆ ಎಂಬ ವರದಿ ಬರುವವರೆಗೆ ಅದನ್ನು ನಕ್ಷೆಯಿಂದ ತೆಗೆಯಲು ಅವಕಾಶವಿರುವುದಿಲ್ಲ.

2. ಆದ್ದರಿಂದ ಹಿರಿಯ ನಕ್ಷೆಗಾರರನ್ನು ಮುರಿದ ಕುರ್ಚಿಗಳ ಕೊಠಡಿಯ ಉಸ್ತುವಾರಿಗೆ ವರ್ಗಾಯಿಸಲು ಪ್ರಸ್ತಾಪಿಸಲಾಯಿತು. ಅವರು ಇಪ್ಪತ್ತಾರು ವರ್ಷಗಳಿಂದ ಅದೇ ಮೇಜಿನಲ್ಲಿ ಗೆರೆ ಎಳೆಯುತ್ತಿದ್ದು, ಬೇರೆ ಕೆಲಸ ಬಾರದೆಂದು ತಾವೇ ಲಿಖಿತವಾಗಿ ಒಪ್ಪಿಕೊಂಡು, ಅಂಗೈ ಒಣಗಿಸಿಕೊಳ್ಳಲು ಮೂರು ವಾರ ಕೋರಿದರು. ಇಪ್ಪತ್ತೊಂದನೇ ದಿನ ತ್ರಿಸದಸ್ಯ ಸಮಿತಿಯ ಮುಂದೆ ಕೈ ಒಣಗಿರದಿದ್ದಲ್ಲಿ ಕುರ್ಚಿ ಕೊಠಡಿಗೆ ತೆರಳತಕ್ಕದ್ದೆಂಬ ಷರತ್ತಿನೊಂದಿಗೆ ಕೋರಿಕೆಯನ್ನು ಮನ್ನಿಸಲಾಯಿತು.

3. ಲೇಪನವನ್ನು ರಾತ್ರಿ ಮಲಗುವ ಮುನ್ನ ಹಚ್ಚಿ ಬೆಳಗ್ಗೆ ತೊಳೆಯಬೇಕೆಂದು ವೈದ್ಯರ ಚೀಟಿಯಲ್ಲಿ ಇರುವಂತೆ ಕಾಣುತ್ತದೆ. ಆದರೆ ಬಾಟಲಿಯು ಇಲಾಖೆಯ ಸ್ವತ್ತಾಗಿದ್ದು, ಸಂಜೆ ಐದೂವರೆಯ ನಂತರ ಕಚೇರಿಯ ಹೊಸ್ತಿಲು ದಾಟುವಂತಿಲ್ಲ. ಎರಡೂ ನಿಯಮಗಳಿಗೆ ಭಂಗ ಬಾರದಂತೆ, ಪ್ರತಿದಿನ ಬೆಳಗ್ಗೆ ಹನ್ನೊಂದರಿಂದ ಹನ್ನೊಂದೂ ಹತ್ತರವರೆಗಿನ ಅವಧಿಯನ್ನು ನಕ್ಷೆಗಾರರ ಮಟ್ಟಿಗೆ ರಾತ್ರಿ ಎಂದು ಪರಿಗಣಿಸಲಾಯಿತು. ಸದರಿ ರಾತ್ರಿಯಲ್ಲಿ ಅವರು ಇಬ್ಬರು ಸಾಕ್ಷಿಗಳ ಎದುರು ಕಣ್ಣು ಮುಚ್ಚಿಕೊಂಡಿರತಕ್ಕದ್ದು. ಇದೇ ಅವಧಿಯಲ್ಲಿ ವಾಡಿಕೆಯಂತೆ ನಿದ್ರಿಸುವ ಇತರ ಸಿಬ್ಬಂದಿಗೆ ಈ ಆದೇಶ ಅನ್ವಯಿಸುವುದಿಲ್ಲ; ಅವರು ತಮ್ಮ ಹಳೆಯ ಏರ್ಪಾಟಿನಲ್ಲೇ ಮುಂದುವರಿಯಬಹುದು.

4. ಲೇಪನವನ್ನು ಒಣ ಚರ್ಮಕ್ಕೆ ಮಾತ್ರ ಹಚ್ಚಬೇಕೆಂದೂ ಚೀಟಿಯಲ್ಲಿದೆ. ಅಂತೆಯೇ ಉಗ್ರಾಣದ ಗುಮಾಸ್ತರು ಬಾಟಲಿ ಕೊಡುವ ಮುನ್ನ ಅಂಗೈ ಪರೀಕ್ಷಿಸತಕ್ಕದ್ದು. ಒದ್ದೆಯಿದ್ದಲ್ಲಿ ವೈದ್ಯರ ಷರತ್ತು ಈಡೇರದ ಕಾರಣ ಬಾಟಲಿ ಕೊಡತಕ್ಕದ್ದಲ್ಲ. ಒಣಗಿದ್ದಲ್ಲಿ ಬೆವರಿಲ್ಲದ ಕಾರಣ ಕೊಡತಕ್ಕದ್ದಲ್ಲ. ಈ ಕ್ರಮವನ್ನು ಇಪ್ಪತ್ತು ದಿನ ಚಾಚೂ ತಪ್ಪದೆ ಪಾಲಿಸಲಾಗಿದ್ದು, ಬಾಟಲಿಯ ಮುಚ್ಚಳ ಇಂದಿಗೂ ಭದ್ರವಾಗಿದೆ. ಇದರಲ್ಲಿ ಎಲ್ಲೋ ಏನೋ ತಪ್ಪಿರಬಹುದೆಂಬ ಅನುಮಾನ ಕಚೇರಿಗೆ ಬಂದಿರುತ್ತದೆ. ಆದರೆ ಯಾವ ಸಾಲಿನಲ್ಲಿ ಎಂಬುದು ಪತ್ತೆಯಾಗಿರುವುದಿಲ್ಲ.

5. ಗಾಬರಿಯಿಂದ ಬೆವರು ಹೆಚ್ಚುತ್ತದೆಂದು ತಿಳಿದುಬಂದ ಮೇರೆಗೆ, ಕಚೇರಿಯ ವೇಳೆಯಲ್ಲಿ ನಕ್ಷೆಗಾರರು ಗಾಬರಿಯಾಗುವುದನ್ನು ನಿಷೇಧಿಸಲಾಯಿತು. ಅನಿವಾರ್ಯವಿದ್ದಲ್ಲಿ ಊಟದ ವಿರಾಮದಲ್ಲಿ ಗಾಬರಿಯಾಗಬಹುದು. ನಿಷೇಧದ ನೋಟಿಸನ್ನು ದಿನಕ್ಕೆ ಎರಡು ಬಾರಿ ಅವರ ಕೈಗೇ ಕೊಟ್ಟು ಸಹಿ ಪಡೆಯಲಾಯಿತು. ನಾಲ್ಕನೇ ದಿನದಿಂದ ಸಹಿಗಳು ಓದಲು ಬರುತ್ತಿಲ್ಲ.

6. ಈ ಹಂತದಲ್ಲಿ ಅಕ್ಕನವರ ಪತ್ರ ಸ್ವೀಕೃತವಾಯಿತು. ನಮೂನೆಯಲ್ಲಿಲ್ಲದ ಕಾರಣ ಅದನ್ನು ಓದತಕ್ಕದ್ದಲ್ಲವಾದರೂ, ಓದಲಾಯಿತು: "ನನ್ನ ತಮ್ಮ ಮನೇಲಿ ಬೆವರಲ್ಲ. ತರಕಾರಿ ಹೆಚ್ಚುವಾಗ, ಮಗಳ ಪುಸ್ತಕಕ್ಕೆ ಚಿತ್ರ ಬರೆದುಕೊಡುವಾಗ ಅವನ ಕೈ ಒಣಗಿಯೇ ಇರುತ್ತೆ. ನಿಮ್ಮ ಕಾಗದ ಕೈಗೆ ಬಂದರೆ ಮಾತ್ರ ಶುರು. ಈಗೀಗ ಅನ್ನದ ತಟ್ಟೆ ಮುಂದೆ ಕೂತು ಕುರ್ಚಿ ಎಣಿಸ್ತಾನೆ. ಔಷಧಿ ಹಚ್ಚಲೇಬೇಕು ಅಂತಿದ್ದರೆ ಆ ಕಾಗದಕ್ಕೇ ಹಚ್ಚಿ ನೋಡಿ." ಸದರಿ ಸಲಹೆಯನ್ನು ತಾಂತ್ರಿಕ ಶಾಖೆಗೆ ಕಳುಹಿಸಲಾಯಿತು. ಕಾಗದಕ್ಕೆ ಬೆವರುವ ಗುಣವಿಲ್ಲವೆಂದು ಅವರು ಆರು ಪುಟಗಳಲ್ಲಿ ಉತ್ತರಿಸಿರುತ್ತಾರೆ.

7. ನಿನ್ನೆ, ಇಪ್ಪತ್ತೊಂದನೇ ದಿನ, ಅಧೀಕ್ಷಕರು, ಉಗ್ರಾಣದ ಗುಮಾಸ್ತರು ಮತ್ತು ಟಪಾಲು ಗುಮಾಸ್ತರನ್ನೊಳಗೊಂಡ ಸಮಿತಿ ಸಭೆ ಸೇರಿತು. ಕೈ ಕುಲುಕಿ ಪರೀಕ್ಷಿಸುವುದೆಂದು ತೀರ್ಮಾನವಾಯಿತು. "ಸಾರ್, ಒಂದ್ಸಲ ಒರೆಸ್ಕೊಂಡು ಬರ್ಲಾ?" ಎಂದು ನಕ್ಷೆಗಾರರು ಕೇಳಿದ್ದು, ಸಾಕ್ಷ್ಯ ನಾಶವಾಗುವುದೆಂದು ನಿರಾಕರಿಸಲಾಯಿತು. ಅವರನ್ನು ಕಳುಹಿಸಿದ ಮೇಲೆ ಉಳಿದ ಒಂಬತ್ತು ಹಾಳೆಗಳಿಗೆ ಶಾಯಿ ಹಾಕುವವರು ಯಾರೆಂದು ಟಪಾಲು ಗುಮಾಸ್ತರು ಇದೇ ಸಮಯದಲ್ಲಿ ಕೇಳಿದರು. ಪ್ರಶ್ನೆಯನ್ನು ನಡವಳಿಗಳಲ್ಲಿ ದಾಖಲಿಸಿಕೊಳ್ಳಲಾಯಿತು. ನಂತರ ಮೂವರೂ ಸರದಿಯಂತೆ ಕೈ ಕುಲುಕಿದರು. ಮೂರೂ ಬಾರಿ ತೇವ ಕಂಡುಬಂದಿತು.

ಆದೇಶಕ್ಕೆ ಸಹಿ ಹಾಕಲು ಪೆನ್ನು ಎತ್ತಿಕೊಂಡ ಅಧೀಕ್ಷಕರ ಕೈಯಿಂದ ಪೆನ್ನು ಜಾರಿತು. ನಡವಳಿಗಳಲ್ಲಿ ಮುಂದಿನ ಮಾತುಗಳು ಈ ರೀತಿ ದಾಖಲಾಗಿವೆ.
ಉಗ್ರಾಣದ ಗುಮಾಸ್ತರು: "ಆ ತೇವ ನಂದೇ ಇರ್ಬೇಕು ಸಾರ್. ಬೆಳಗ್ಗೆಯಿಂದ ಹೀಗೇ."
ಅಧೀಕ್ಷಕರು: "ಸುಮ್ನಿರ್ರೀ. ನಂದೂ ಹಾಗೇ ಇದೆ."
ಟಪಾಲು ಗುಮಾಸ್ತರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿರುತ್ತಾರೆ.

8. ಕಂಡುಬಂದ ತೇವವು ನಾಲ್ವರಲ್ಲಿ ಯಾರಿಗೆ ಸೇರಿದ್ದೆಂದು ಇತ್ಯರ್ಥವಾಗದ ಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ:
(ಅ) ಸಮಿತಿಯ ಸದಸ್ಯರ ಕೈಗಳು ಒಣಗುವವರೆಗೆ ಪರೀಕ್ಷೆಯನ್ನು ಮುಂದೂಡಲಾಗಿದೆ. ಅಲ್ಲಿಯವರೆಗೆ ಹಿರಿಯ ನಕ್ಷೆಗಾರರು ತಮ್ಮ ಮೇಜಿನಲ್ಲೇ ಇರತಕ್ಕದ್ದು. ಅವರ ನಿವೃತ್ತಿಗೆ ಮೂರು ವರ್ಷವಿದೆ, ಸಮಿತಿಗೆ ಅವಸರವಿಲ್ಲ.
(ಆ) ಲೇಪನದ ಬಾಟಲಿ ಕಳೆದುಹೋಗಿದೆಯೆಂದು ಈ ಮೂಲಕ ಘೋಷಿಸಲಾಗಿದೆ. ಕಳೆದುಹೋದ ವಸ್ತು ಯಾರ ಚೀಲದಲ್ಲಿ ಮನೆಗೆ ಹೋಯಿತು, ರಾತ್ರಿ ಯಾರ ಅಂಗೈಗೆ ಹಚ್ಚಲ್ಪಟ್ಟಿತು ಎಂದು ವಿಚಾರಿಸುವುದು ಕಚೇರಿಯ ಕೆಲಸವಲ್ಲ.
(ಇ) ಮುರಿದ ಕುರ್ಚಿಗಳು ಈವರೆಗೆ ಉಸ್ತುವಾರಿಯಿಲ್ಲದೆಯೇ ಮುರಿದಿದ್ದು, ಹಾಗೆಯೇ ಮುಂದುವರಿಯತಕ್ಕದ್ದು.

ಸಹಿ/-
(ಒಣಗಿದ ನಂತರ ಹಾಕಲಾಗುವುದು)
ಅಧೀಕ್ಷಕರು, ನಕ್ಷೆ ಶಾಖೆ

ಪ್ರತಿಗಳು:
1. ಪರಿಶೀಲನಾ ಶಾಖೆಗೆ, ಮಾಹಿತಿಗಾಗಿ. ಮುಂದಿನ ಕ್ರಮ ದಯವಿಟ್ಟು ಬೇಡ.
2. ತಾಂತ್ರಿಕ ಶಾಖೆಗೆ. ಉತ್ತರ ಅಪೇಕ್ಷಿಸಿಲ್ಲ.
3. ಸೂಚನಾ ಫಲಕಕ್ಕೆ, ಫ್ಯಾನಿನ ಗಾಳಿ ತಾಗುವ ಕಡೆ.
4. ಅಕ್ಕನವರಿಗೆ. ತಮ್ಮನವರು ಇನ್ನು ಊಟ ಮಾಡಬಹುದು.
5. ಹಿರಿಯ ನಕ್ಷೆಗಾರರಿಗೆ ಪ್ರತಿ ಇಲ್ಲ. ಅವರು ಹದಿನೈದನೇ ಹಾಳೆಯಲ್ಲಿ ಉದ್ದದ ಗೆರೆಯೊಂದನ್ನು ಎಳೆಯುತ್ತಿದ್ದಾರೆ. ಮುಗಿಯುವವರೆಗೆ ಯಾರೂ ಮಾತಾಡಿಸತಕ್ಕದ್ದಲ್ಲ.