ಹೈದರಾಬಾದಿನ ಊಟ, ನಮ್ಮತ್ತೆಯ ಪಾಳಿ

ಬೀದರಿನಿಂದ ಬೆಳಿಗ್ಗೆ ಹೊರಟರೆ ಹೈದರಾಬಾದಿನ ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದುಬಿಡಬಹುದು. ಆದರೆ ನಡುವೆ ಒಂದು ಮಧ್ಯಾಹ್ನ ಬರುತ್ತದಲ್ಲ, ಫಜೀತಿ ಇರುವುದೇ ಅಲ್ಲಿ. ಮಂದಿ ಬದಲಾಗುತ್ತಾರೆ, ಹೋಟೆಲು ಬದಲಾಗುತ್ತದೆ, ಫಜೀತಿ ಮಾತ್ರ ಒಂದು ಸಲವೂ ತಪ್ಪಿದ್ದಿಲ್ಲ.

ನಮ್ಮ ಮನೆಯವರದು ಬಾಡಿಗೆ ಗಾಡಿ. ಭಾಲ್ಕಿ, ಔರಾದ ಕಡೆಯವರು ಮದುವೆ ಸೀರೆಗೋ ದವಾಖಾನೆಗೋ ಹೈದರಾಬಾದಿಗೆ ಹೊರಟರೆ ಇವರನ್ನೇ ಕರೆಯುತ್ತಾರೆ. ಹೆಂಗಸರು ಇದ್ದರೆ ನಾನೂ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತುಬಿಡುತ್ತೇನೆ. ಹೊಟ್ಟೆ ಹಸಿದ ಕೂಡಲೇ ಇಡೀ ಗಾಡಿ ನನ್ನ ಕಡೆ ತಿರುಗುತ್ತದೆ: "ಎಲ್ಲಿ ಉಣ್ಣೂಣು ಹೇಳ್ರಿ." ನಾನು ಓದಿದ್ದು ಹತ್ತನೆಯ ತರಗತಿ. ಗಣಿತದಲ್ಲಿ ಪಾಸಾಗಿದ್ದೇ ದೊಡ್ಡದು. ಆದರೆ ಹೈದರಾಬಾದಿನಲ್ಲಿ ಎಲ್ಲಿ ಏನು ಚಂದ ಸಿಗುತ್ತದೆ ಅನ್ನುವ ಪರೀಕ್ಷೆ ಇಟ್ಟಿದ್ದರೆ ರಾಜ್ಯಕ್ಕೇ ಮೊದಲು ಬರುತ್ತಿದ್ದೆ.

ಊರು ಅಂದರೆ ಅದು ಊರು. ಒಂದೇ ರಸ್ತೆಯಲ್ಲಿ ಇರಾನಿ ಚಹಾ, ತಮಿಳರ ಇಡ್ಲಿ, ಚೀನಿಯರ ನೂಡಲ್ಸು, ಅರಬ್ಬರ ಹಾಗೆ ನೆಲಕ್ಕೆ ಕೂತು ಒಂದೇ ದೊಡ್ಡ ತಾಟಿನಲ್ಲಿ ಕೈ ಹಾಕಿ ಉಣ್ಣುವ ಮಾಂಸದ ಅನ್ನ. ನೀ ಯಾವ ಊರಿನವಳು, ಯಾವ ಮಂದಿ ಅಂತ ಯಾರೂ ಕೇಳುವುದಿಲ್ಲ. "ಇನ್ನೇನು ಬೇಕು" ಅಂತ ಮಾತ್ರ ಕೇಳುತ್ತಾರೆ.

ಇಷ್ಟೆಲ್ಲ ಇದ್ದೂ ನನಗೊಂದು ಕೊರಗು ಇತ್ತು, ನಮ್ಮತ್ತೆಯದು. ಅವರು ಜನ್ಮದಲ್ಲಿ ಹೋಟೆಲಿನಲ್ಲಿ ಉಂಡವರಲ್ಲ. ಎಲ್ಲಿ ಹೋದರೂ ರೊಟ್ಟಿ ಗಂಟು ಜೊತೆಗೆ. ಮನೆಯಲ್ಲಿ ಒಲೆ ಮುಂದೆ ಕೂತು ಎಲ್ಲರಿಗೂ ಬಿಸಿ ಬಿಸಿ ರೊಟ್ಟಿ ಬಡಿದು ಹಾಕಿ, ಎಲ್ಲರದೂ ಆದ ಮೇಲೆ ತಣ್ಣಗಿನದು ತಾವು ಉಣ್ಣುವುದು. ಒಂದು ದಿನ ಇವರನ್ನು ಕೂಡಿಸಿ, ಬೇರೆಯವರ ಕೈಲಿ ಬಡಿಸಿ, ಬಿಸಿ ಊಟ ಮಾಡಿಸಬೇಕು ಅಂತ ನನ್ನ ಹಟ. ನಮ್ಮ ಮನೆಯವರು ನಕ್ಕರು.

"ಅವ್ವ ಹೋಟೆಲ್‌ನಾಗ ಉಂಡಳಂದ್ರ, ಮರುದಿನ ಮನ್ಯಾಗ ರೊಟ್ಟಿ ನಾ ಬಡೀತೇನಿ."

"ಆಣಿ ಮಾಡ್ರಿ."

"ಸ್ಟೇರಿಂಗ್ ಮ್ಯಾಲ ಕೈ ಇಟ್ಟು ಹೇಳ್ತೇನಿ, ಸಾಕೇನು?"

ಡ್ರೈವರ್ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅದು ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಉಳಿದವರದು ಕೇಳಿ.

ಟಾವೆಲ್ ಹಾಕಿದ ಕಾಕಾ

ಔರಾದ ಕಡೆಯ ಒಬ್ಬ ಕಾಕಾ, ಕುರಿ ಸಾಕಿದವರು, ಮಗಳ ಮದುವೆ ಸೀರೆಗೆ ಬಂದಿದ್ದರು. ಬಿರಿಯಾನಿ ಉಣಿಸೋಣ ಅಂತ ಹಳೆಪೇಟೆಯ ಒಂದು ಹೋಟೆಲಿಗೆ ಕರೆದೊಯ್ದೆ. ಅಲ್ಲಿ ಪಾಳಿ ಗೀಳಿ ಇಲ್ಲ. ಉಣ್ಣುವವನ ಕುರ್ಚಿ ಹಿಂದೆ ನಿಲ್ಲಬೇಕು, ಅವನು ಎದ್ದ ಕೂಡಲೇ ಕೂಡಬೇಕು. ಒಂದೊಂದು ಕುರ್ಚಿಯ ಹಿಂದೆ ನಾಲ್ಕೈದು ಮಂದಿ.

ಕಾಕಾ ಒಮ್ಮೆ ಸುತ್ತ ನೋಡಿ, "ಹೀಂಗೇನು? ಇದು ನಮ್ಮ ಬಸ್‌ಸ್ಟ್ಯಾಂಡಿನ ಕೆಲಸ" ಅಂದವರೇ ಹೆಗಲ ಮೇಲಿನ ಟಾವೆಲ್ ತೆಗೆದು, ಬಸ್ಸಿನ ಕಿಟಕಿಯಿಂದ ಎಸೆಯುವ ಹಾಗೆ, ಕೋಟು ಹಾಕಿಕೊಂಡು ಉಣ್ಣುತ್ತಿದ್ದ ಒಬ್ಬ ಸಾಹೇಬರ ಕುರ್ಚಿಯ ಬೆನ್ನ ಮೇಲೆ ಒಗೆದರು. ಸಾಹೇಬರು ಬೆಚ್ಚಿ ತಿರುಗಿದರು.

"ಗಾಬರಿ ಆಗಬ್ಯಾಡ್ರಿ ಸಾಹೇಬ್ರೆ, ಸೀಟ್ ಹಿಡದೇನಿ," ಅಂದರು ಕಾಕಾ ತಮ್ಮ ಔರಾದ ಹಿಂದಿಯಲ್ಲಿ. "ನೀವು ಆರಾಮ ಉಣ್ರಿ. ನಿಮ್ಮ ಸ್ಟಾಪ್ ಬಂದಾಗ ಇಳೀರಿ."

ಆ ಊರಿನ ದೊಡ್ಡತನ ನೋಡಿ. ಬೈಯುವುದು ಬಿಟ್ಟು ಸಾಹೇಬರು ನಕ್ಕರು. ಅಷ್ಟೇ ಅಲ್ಲ, ನಡುವೆ ನುಗ್ಗಿದ ಇಬ್ಬರಿಗೆ ಟಾವೆಲ್ ತೋರಿಸಿ, "ಈ ಸೀಟು ಹಿಡಿದಾಗಿದೆ" ಅಂತ ತಾವೇ ಕಳಿಸಿದರು. ಕಾಕಾ ಹೊಟ್ಟೆ ತುಂಬ ಉಂಡು, "ಕುರಿ ನಮ್ಮ ಕಡೀದೇ ಇರಬೇಕು, ಇಲ್ಲಾಂದ್ರ ಈ ರುಚಿ ಹ್ಯಾಂಗ ಬರ್ತದ?" ಅಂತ ತೀರ್ಪು ಕೊಟ್ಟರು.

ಗಾಡಿ ಬೀದರ ದಾಟಿದ ಮೇಲೆ ಹೆಗಲು ಮುಟ್ಟಿಕೊಂಡು ನೋಡುತ್ತಾರೆ, ಟಾವೆಲ್ ಇಲ್ಲ.

"ಅಯ್ಯ, ಅಲ್ಲೇ ಉಳೀತಲ್ಲ ಕಾಕಾ!" ಅಂದೆ.

"ಇರಲಿ ಬಿಡವ್ವ," ಅಂದರು. "ಮುಂದಿನ ಸಲಕ್ಕ ಸೀಟ್ ಹಿಡದಂಗಾತು."

ಬರ್ರಿ ಊಟಕ್ಕ

ನಮ್ಮ ಕಡೆ ತಾಟಿಗೆ ಕೈ ಹಚ್ಚುವ ಮೊದಲು ಹತ್ತಿರ ಇದ್ದವರನ್ನು "ಬರ್ರಿ ಊಟಕ್ಕ" ಅಂತ ಕರೆಯಬೇಕು. ಅವರು "ಆಗೇದರಿ, ನೀವು ಮಾಡ್ರಿ" ಅನ್ನಬೇಕು. ಕರೆದವರಿಗೂ ಗೊತ್ತು ಅವರು ಬರುವುದಿಲ್ಲ ಅಂತ, ಅವರಿಗೂ ಗೊತ್ತು ಬರಬಾರದು ಅಂತ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ಊಟವೂ ಉಳಿಯುತ್ತದೆ.

ಸಾಯಗಾಂವದ ಅಕ್ಕ ಒಬ್ಬರನ್ನು ದೊಡ್ಡ ಮಾಲಿನ ಮೇಲಂತಸ್ತಿಗೆ ಕರೆದುಕೊಂಡು ಹೋಗಿದ್ದೆ. ಲೋಕದ ಎಲ್ಲ ದೇಶದ ಊಟ ಅಲ್ಲಿ ಸಾಲಾಗಿ ಸಿಗುತ್ತದೆ. ಅಕ್ಕ ಪೂರಿ ತಗೊಂಡು, ಚೀಲದಿಂದ ಮನೆಯ ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಬಿಚ್ಚಿ, ಪಕ್ಕದ ಮೇಜಿನಲ್ಲಿ ಒಬ್ಬನೇ ಕೂತಿದ್ದ ಕೆಂಪುಕೂದಲ ಫಾರಿನ್‌ನವನಿಗೆ ಕೈ ಮಾಡಿ ಕರೆದರು: "ಬರ್ರಿ ಊಟಕ್ಕ."

ಅವನು ಕುರ್ಚಿ ಎಳೆದುಕೊಂಡು ಬಂದೇಬಿಟ್ಟ.

ಅಕ್ಕ ನನ್ನ ಕಿವಿಯಲ್ಲಿ, "ಇವ 'ಆಗೇದ' ಅನ್ನಬೇಕಿಲ್ಲೇನ?"

"ಅವನಿಗೇನು ಗೊತ್ತಕ್ಕ. ಕರದೀರಿ, ಬಂದಾನ."

ಅವನು ಪೂರಿ ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಕೈ ಮತ್ತೆ ಹಿಂಡಿಗೇ ಹೋಯಿತು. ಅಕ್ಕನ ಕರುಳು ಕರಗಿತು. "ಪಾಪ, ತಾಯಿ ಎಲ್ಲಿದ್ದಾಳೋ! ಉಣ್ಣಪ್ಪ, ಉಣ್ಣು" ಅಂತ ಕಟ್ಟಿಕೊಂಡು ಬಂದದ್ದೆಲ್ಲ ಅವನ ಮುಂದೆ ಸುರಿದರು. ಅವನಿಗೂ ಋಣ ಅನಿಸಿತೋ ಏನೋ, ಓಡಿ ಹೋಗಿ ತನ್ನ ತಟ್ಟೆ ತಂದು ಅಕ್ಕನ ಮುಂದಿಟ್ಟು, ಅಕ್ಕ ಮಾಡಿದ ಹಾಗೆಯೇ ಕೈ ಮಾಡಿ ಕರೆದ. ತಟ್ಟೆಯಲ್ಲಿ ಅನ್ನದ ಪುಟ್ಟ ಪುಟ್ಟ ಉಂಡೆ, ಒಂದೊಂದರ ಮೇಲೂ ಒಂದೊಂದು ತುಂಡು ಹಸಿ ಮೀನು.

ಅಕ್ಕ ಕುರ್ಚಿ ಸಮೇತ ಹಿಂದೆ ಸರಿದು ಎರಡೂ ಕೈ ಮುಗಿದರು: "ಆಗೇದಪ್ಪ, ಆಗೇದ! ನಂದು ಹೋದ ವಾರನೇ ಊಟ ಆಗೇದ!"

ಆಮೆನ್ ಅನ್ನುವಷ್ಟರಲ್ಲಿ

ನಮ್ಮ ಓಣಿಯ ನರ್ಸಕ್ಕ ಮೆಥೋಡಿಸ್ಟ್ ಚರ್ಚಿನವರು. ಉಣ್ಣುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ಅವರ ಪ್ರಾರ್ಥನೆಯಲ್ಲಿ ಯಾರೂ ಬಿಟ್ಟುಹೋಗುವುದಿಲ್ಲ. ವಾರ್ಡಿನ ಪೇಷಂಟುಗಳು, ತಂಗಿಯ ಮಕ್ಕಳು, ತೊಗರಿ ಬೆಳೆ, ನಮ್ಮ ಗಾಡಿಯ ಟೈರು, ಎಲ್ಲ ಬರುತ್ತವೆ.

ಅವರನ್ನು ಕರೆದುಕೊಂಡು ಹೋದ ದೋಸೆ ಹೋಟೆಲಿನ ಚುರುಕು ಏನು ಹೇಳಲಿ! ಹೇಳುವಷ್ಟರಲ್ಲಿ ದೋಸೆ ಬರುತ್ತದೆ, ಉಂಡು ಕೈ ಎತ್ತುವಷ್ಟರಲ್ಲಿ ತಟ್ಟೆ ಹೋಗುತ್ತದೆ. ತುಪ್ಪದ ದೋಸೆ ಬಂತು, ನರ್ಸಕ್ಕ ಕಣ್ಣು ಮುಚ್ಚಿದರು. ನಾನು ಮಗಳ ಕೈ ತೊಳೆಸಲು ಎದ್ದುಹೋದೆ. ಮೇಜು ಒರೆಸುವವ ಬಂದು ನೋಡಿದ, ಕಣ್ಣು ಮುಚ್ಚಿದೆ, ಕೈ ಮುಗಿದಿದೆ. ಉಂಡು ತೃಪ್ತಿಯಾಗಿದೆ ಅಂದುಕೊಂಡು, ತಟ್ಟೆಯಲ್ಲಿ ಏನಿದೆ ಅಂತಲೂ ನೋಡದೆ ಎತ್ತಿ, ಮೇಜು ಒರೆಸಿ ಹೋದ. "ಆಮೆನ್" ಅಂತ ಕಣ್ಣು ಬಿಟ್ಟರೆ ಮೇಜು ಕನ್ನಡಿಯಂತೆ ಹೊಳೆಯುತ್ತಿದೆ!

ಹೋಟೆಲಿನವರು ಕೈ ಮುಗಿದು ಇನ್ನೊಂದು ದೋಸೆ ಕೊಟ್ಟರು, ತುಪ್ಪ ಎರಡು ಪಟ್ಟು. ನರ್ಸಕ್ಕ ಮತ್ತೆ ಮೊದಲಿನಿಂದ ಪ್ರಾರ್ಥನೆ ಹಿಡಿದರು. ಆದರೆ ಒಂದು ಕೈ ತಟ್ಟೆಯ ಅಂಚು ಬಿಗಿಯಾಗಿ ಹಿಡಿದಿತ್ತು.

"ಯಾಕ್ರಿ ಅಕ್ಕ, ದೇವರ ಮ್ಯಾಲ ಭರೋಸಾ ಇಲ್ಲೇನು?" ಅಂತ ಕಾಡಿದೆ.

"ದೇವರ ಮ್ಯಾಲ ಪೂರಾ ಅದ. ಮೇಜು ಒರಸವನ ಮ್ಯಾಲ ಇಲ್ಲ."

ಅತ್ತೆಯ ಪಾಳಿ

ಅತ್ತೆಯ ಕಣ್ಣು ತೋರಿಸಲು ಹೈದರಾಬಾದಿಗೆ ಹೋಗಬೇಕಾಯಿತು. ಆ ದಿನ ರೊಟ್ಟಿ ಗಂಟು ಮನೆಯಲ್ಲೇ ಉಳಿಯಿತು. ಹೇಗೆ ಉಳಿಯಿತು ಅಂತ ನನ್ನನ್ನು ಕೇಳಬೇಡಿ.

ಎಷ್ಟು ಬೇಕಾದರೂ ಬಡಿಸುವ ಒಂದು ಆಂಧ್ರದ ಊಟದ ಹೋಟೆಲು ಆರಿಸಿದೆ. ಎಲ್ಲರೂ ಕೂತೆವು. ಬಡಿಸುವವನು ತುಪ್ಪದ ಗಿಂಡಿ ತಂದ. ಅತ್ತೆ ಎದ್ದು, ಗಿಂಡಿ ಅವನ ಕೈಯಿಂದ ಇಸಕೊಂಡು ನಮಗೆ ಬಡಿಸತೊಡಗಿದರು.

"ಅತ್ತಿ, ಕೂಡ್ರಿ!"

"ಎಲ್ಲಾರದು ಆಗಲಿ. ಆಮ್ಯಾಲ ನಾ ಉಣ್ತೇನಿ."

ಸರಿ, ನಾವು ಲಗುಲಗು ಉಂಡು ಮುಗಿಸಿದೆವು. "ಆತಲ್ಲ, ಈಗ ಕೂಡ್ರಿ."

ಅತ್ತೆ ಹೋಟೆಲೆಲ್ಲ ನೋಡಿದರು. "ಎಲ್ಲಿ ಆಗೇದ? ಅವರು ಇನ್ನಾ ಉಣ್ಲತ್ತಾರಲ್ಲ."

ಆ ಮೇಜಿನವರು ಎದ್ದರು. ಬೇರೆಯವರು ಬಂದು ಕೂತರು.

"ಅತ್ತಿ, ಇದು ಹೋಟೆಲು. ಮಂದಿ ಬರ್ತಾನೇ ಇರ್ತಾರ!"

"ಬರಲಿ. ಮಂದಿ ಹಸದು ಕೂತಾಗ ನನಗ ತುತ್ತು ಇಳೀತದೇನು?"

ನಮ್ಮ ಮನೆಯವರು ಹಲ್ಲಿಗೆ ಕಡ್ಡಿ ಹಾಕಿಕೊಂಡು ನನ್ನ ಕಡೆ ನೋಡಿ ನಗುತ್ತಿದ್ದರು. ಗೆದ್ದವರ ನಗು. ಅಷ್ಟರಲ್ಲಿ ಅತ್ತೆ ತಲೆ ಮೇಲೆ ಸೆರಗು ಹೊದ್ದು ಮೇಜಿಂದ ಮೇಜಿಗೆ ನೀರು ಹಾಕುತ್ತ ಹೊರಟಿದ್ದರು. ತೆಲುಗಿನವರು, ಹಿಂದಿಯವರು, ಬಂಗಾಲಿಗಳು, ಒಬ್ಬರೂ ಬೇಡ ಅನ್ನಲಿಲ್ಲ. "ಏ ತಮ್ಮಾ, ಈ ಹುಡುಗಿ ಸಾರು ಕೇಳ್ಲತ್ತಾಳ, ಕಿವಿ ಇಲ್ಲೇನು?" ಅಂತ ಬಡಿಸುವವರಿಗೆ ಜೋರು ಬೇರೆ.

ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಹೊರಗೆ ಹಾಕುತ್ತಾರೆ ಅಂದುಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅತ್ತೆಯನ್ನೇ ಸ್ವಲ್ಪ ಹೊತ್ತು ನೋಡಿ, "ನಮ್ಮ ತಾಯೀನೂ ಹಿಂಗೇ ಇದ್ದಳಮ್ಮ. ಇರಲಿ ಬಿಡಿ, ಮಧ್ಯಾಹ್ನದ ಗಿರಾಕಿ ಮುಗಿಯಲಿ" ಅಂದರು.

ಗಿರಾಕಿ ಮುಗಿಯಿತು, ಅರ್ಧ ಶಟರು ಇಳಿಯಿತು. ಕೆಲಸದವರು ಒಳಗೆ ಚಾಪೆ ಮೇಲೆ ಕೂತರು. ಅವರಿಗೂ ಅತ್ತೆಯೇ ಬಡಿಸಿದರು. ಕೊನೆಗೆ ಉಳಿದವರು ಇಬ್ಬರೇ, ನಮ್ಮತ್ತೆ ಮತ್ತು ಗಿರಿಜಾ ಮೀಸೆಯ ಅಡಿಗೆಯವರು.

"ಕೂಡು ಅಣ್ಣಾ, ಉಣ್ಣು," ಅಂದರು ಅತ್ತೆ.

ಅಡಿಗೆಯವರು ತಲೆ ಅಲ್ಲಾಡಿಸಿದರು. ಅವರದೂ ಅದೇ ನೇಮವಂತೆ! ಎಲ್ಲರೂ ಉಂಡ ಮೇಲೆಯೇ ಅವರು ಉಣ್ಣುವುದು. ನೀವು ಮೊದಲು ಅಂತ ಅವರು, ನೀ ಮೊದಲು ಅಂತ ಇವರು. ಅವರದು ತೆಲುಗು, ಇವರದು ಕನ್ನಡ, ಜಗಳಕ್ಕೆ ಭಾಷೆ ಅಡ್ಡ ಬರಲಿಲ್ಲ. ಇಬ್ಬರ ಕೈಯಲ್ಲೂ ಸೌಟು. ಉಂಡವರೆಲ್ಲ ಗೋಡೆಗೆ ಒರಗಿ ತಮಾಷೆ ನೋಡುತ್ತಿದ್ದಾರೆ.

ನನಗೆ ತಡೆಯಲಾಗಲಿಲ್ಲ. ಇಬ್ಬರ ಸೌಟೂ ಕಸಿದುಕೊಂಡೆ. "ಕೂಡ್ರಿ ಇಬ್ಬರೂ! ಕೂಡಿದ್ರ ಇಬ್ಬರೂ ಒಮ್ಮೇ ಕೂಡಬೇಕು!"

ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತ, ಮೋಸ ಹೋದೇವೋ ಎಂಬಂತೆ ಸ್ವಲ್ಪ ಸ್ವಲ್ಪವೇ ಬಗ್ಗುತ್ತ ಇಬ್ಬರೂ ಚಾಪೆಗೆ ಇಳಿದರು. ಮಾಲೀಕರು ತಾವೇ ಒಲೆಯ ಮೇಲಿಂದ ಉಬ್ಬಿದ ಚಪಾತಿ ತಂದು ಇಬ್ಬರ ತಟ್ಟೆಗೂ ಹಾಕಿದರು. "ಒಂದು, ಎರಡು, ಮೂರು" ಅಂದೆ ನಾನು. ಇಬ್ಬರ ಕೈಯೂ ಒಟ್ಟಿಗೆ ಬಾಯಿಗೆ ಹೋಯಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿ ಹಬೆಯಾಡುವ ಚಪಾತಿಯನ್ನೇ ನೋಡಿದರು.

"ಬಿಸೀದು ಹೀಂಗಿರ್ತದೇನವ್ವ?"

ನಾನು ಸಾರು ತರುವ ನೆವ ಮಾಡಿ ಮುಖ ಆ ಕಡೆ ತಿರುಗಿಸಿಕೊಂಡೆ. ಗಂಡನ ಬಾಯಿಯಿಂದ ಕಡ್ಡಿ ಕೆಳಗೆ ಬಿದ್ದಿತ್ತು.

ಮರುದಿನ ನಮ್ಮ ಮನೆಯವರು ಆಣೆ ಉಳಿಸಿಕೊಂಡರು ಅನ್ನಿ. ಮೀಸೆಗೆಲ್ಲ ಜೋಳದ ಹಿಟ್ಟು. ಒಂದು ರೊಟ್ಟಿ ಮಹಾರಾಷ್ಟ್ರದ ನಕಾಶೆ, ಇನ್ನೊಂದು ತೆಲಂಗಾಣ. ನಾನು ಅತ್ತೆಯ ಕೈ ಹಿಡಿದು ಎಲ್ಲರಿಗಿಂತ ಮೊದಲು ಕೂಡಿಸಿದೆ. "ಇವತ್ತಿಂದ ನಿಮ್ಮದೇ ಮೊದಲ ಪಾಳಿ ಅತ್ತಿ. ನಿಮ್ಮ ಮಗ ಬಿಸಿ ರೊಟ್ಟಿ ಮಾಡ್ಯಾನ."

ಮಗ ಹೆಮ್ಮೆಯಿಂದ ರೊಟ್ಟಿ ತಾಟಿಗೆ ಹಾಕಿದ. ಟಣ್ ಅಂತು. ಅತ್ತೆ ಅದನ್ನು ಬೆರಳಿಂದ ಬಡಿದು ನೋಡಿದರು, ತಿರುಗಿಸಿ ಬಡಿದು ನೋಡಿದರು. ಆಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದು ಚಪ್ಪಲಿ ಮೆಟ್ಟಿದರು.

"ಗಾಡಿ ತೆಗಿಯೋ ಮಗಾ. ನಾ ಹೈದರಾಬಾದಿಗೇ ಹೋಗಿ ಉಣ್ತೇನಿ."