ಹದಿನಾಲ್ಕು ಬುಧವಾರಗಳ ಚಕ್ರವರ್ತಿನಿ

"ಈ ವರ್ಷದ ಇಸ್ಪೀಟು ಪಂದ್ಯದ ಕಪ್ಪು ನಮ್ಮ ಮನೆಗೇ! ಇದು ಸತ್ಯ, ಸತ್ಯ, ಸತ್ಯ!"

ನನ್ನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಆ ಪುಟವನ್ನು ಹರಿದು ನುಂಗಿಬಿಡೋಣ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಆದರೆ ಅದರ ಹಿಂಬದಿಯಲ್ಲಿ ಮಗಳ ಎಂಟನೇ ಹಲ್ಲು ಬಂದ ತಾರೀಖಿದೆ. ಹಾಗಾಗಿ ನನ್ನ ಅವಮಾನವೂ ಅವಳ ಹಲ್ಲೂ ಬೆನ್ನಿಗೆ ಬೆನ್ನು ಕೊಟ್ಟು ಭದ್ರವಾಗಿ ಕೂತಿವೆ.

ಮಗಳಿಗೆ ಹದಿನಾಲ್ಕು ತಿಂಗಳು. ಸಿಕ್ಕಿದ್ದನ್ನೆಲ್ಲ ಕಡಿಯುವುದರಿಂದ ಮನೆಯಲ್ಲಿ ಅವಳ ಹೆಸರು ಇಲಿಮರಿ. ಟಿವಿ ರಿಮೋಟು, ಅಪ್ಪನ ಬೆಲ್ಟು, ನನ್ನ ಮೊಣಕೈ, ಅವಳು ರುಚಿ ನೋಡದ ವಸ್ತುವೇ ಮನೆಯಲ್ಲಿಲ್ಲ. ಅವಳು ಹುಟ್ಟುವ ಮುಂಚೆ ನಾನು ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಮುನ್ನೂರು ಖಾನೆಗಳಲ್ಲಿ ಯಾವ ಮಾತ್ರೆ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಈಗ? ಮೊಬೈಲನ್ನು ಫ್ರಿಜ್ಜಿನಲ್ಲಿಟ್ಟು ಬೆಣ್ಣೆಯನ್ನು ಚಾರ್ಜಿಗೆ ಹಾಕಲು ಹೊರಟ ಮಹಾತಾಯಿ! ಇನ್ನೆರಡು ತಿಂಗಳಲ್ಲಿ ಕೆಲಸಕ್ಕೆ ಮರಳಬೇಕು. ತಲೆಯಲ್ಲಿ ಹಾಲಿನ ಪುಡಿ ಬಿಟ್ಟು ಬೇರೇನಾದರೂ ಉಳಿದಿದೆಯೋ ಇಲ್ಲವೋ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ನೆಗಡಿಗೆ ಬಂದವರ ಕೈಗೆ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರೆ ಗತಿಯೇನು?

ಈ ಭಯವನ್ನು ಓಡಿಸಿದ್ದು ಬುಧವಾರದ ಇಸ್ಪೀಟು.

ಬುಧವಾರ ಮಧ್ಯಾಹ್ನ ಇಲಿಮರಿ ಮಲಗಿದ ಮೇಲೆ ನಮ್ಮ ಊಟದ ಮೇಜಿನ ಸುತ್ತ ನಾಲ್ವರು ಸೇರುತ್ತೇವೆ. ನಾನು. ನನ್ನ ಅತ್ತೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದವರು. ಎದುರು ಮನೆಯ ಹಲ್ಲಿನ ಡಾಕ್ಟರಕ್ಕ, ಬುಧವಾರ ಅವರಿಗೆ ಅರ್ಧ ದಿನ ರಜೆ. ಮೇಲಿನ ಮಹಡಿಯ ಟೈಲರಣ್ಣ. ಆಟ ಬಲು ಸರಳ. ತಲೆಗೆ ಹದಿಮೂರು ಎಲೆ, ಸುತ್ತಿಗೆ ಒಂದು ಎಲೆ. ದೊಡ್ಡ ಎಲೆ ಹಾಕಿದವರಿಗೆ ಆ ಸುತ್ತು. ಹೆಚ್ಚು ಸುತ್ತು ಗೆದ್ದವರೇ ಆ ದಿನದ ದೊರೆ. ನಿಯಮಕ್ಕಿಂತ ಹರಟೆ ಜಾಸ್ತಿ. ಟೈಲರಣ್ಣ ಆಡುತ್ತಾ ಆಡುತ್ತಾ ಅಂಗಿಗೆ ಗುಂಡಿ ಹೊಲಿಯುತ್ತಾರೆ. ಅತ್ತೆ ಸಣ್ಣಗೆ ಹಾಡು ಗುನುಗುತ್ತಾರೆ. ಡಾಕ್ಟರಕ್ಕನ ಬಾಯಂತೂ ನಿಲ್ಲುವುದೇ ಇಲ್ಲ. "ಇಡೀ ದಿನ ಬಾಯಿ ತೆರೆದು ಮಲಗಿದವರ ಹತ್ರ ಮಾತಾಡ್ತೀನಲ್ಲ, ಒಬ್ರೂ ಉತ್ತರ ಕೊಡಲ್ಲ! ಇಲ್ಲಾದ್ರೂ ಕೇಳಿಸ್ಕೊಳ್ರೇ!" ಎನ್ನುವುದು ಅವರ ಅಳಲು.

ನಮ್ಮಲ್ಲಿ ಒಂದು 'ಅಳು ಕಾನೂನು' ಕೂಡ ಇದೆ. ಇಲಿಮರಿ ಎದ್ದು ಅತ್ತರೆ ಆಟ ಅಲ್ಲೇ ನಿಲ್ಲಬೇಕು. ನಾನು ಎಲೆಗಳನ್ನು ಮೇಜಿನ ಮೇಲೆ ಹಾಗೇ ಚೆಲ್ಲಿ ಓಡುತ್ತೇನೆ, ನಾನು ಬರುವ ತನಕ ಮೂವರೂ ಸಂಭಾವಿತರಾಗಿ ಸೀಲಿಂಗ್ ನೋಡುತ್ತಾ ಕೂರುತ್ತಾರೆ.

ಇಂಥ ಮೇಜಿನಲ್ಲಿ ನಾನು ಗೆಲ್ಲಲು ಶುರುಮಾಡಿದೆ. ಒಂದು ಬುಧವಾರವಲ್ಲ, ಎರಡಲ್ಲ, ಸಾಲಾಗಿ ಹದಿನಾಲ್ಕು! ಪ್ರತಿ ವಾರದ ಅಂಕಗಳನ್ನೂ ಡೈರಿ ತೆರೆಯದೆ ಬಾಯಿಪಾಠ ಒಪ್ಪಿಸುತ್ತಿದ್ದೆ.

"ಈ ಹುಡುಗಿ ತಲೆಯೋ ಕಂಪ್ಯೂಟರೋ!" ಎಂದು ಟೈಲರಣ್ಣ ಸೂಜಿ ಕಚ್ಚಿಕೊಂಡೇ ಹೊಗಳುತ್ತಿದ್ದರು. ನಾನು ಉಬ್ಬಿದೆ. ಹಿಟ್ಟು ಉಬ್ಬಿದರೆ ಪಾತ್ರೆಯ ಅಂಚಾದರೂ ತಡೆಯುತ್ತದೆ. ನನಗೆ ಅಂಚೇ ಇರಲಿಲ್ಲ.

ಅಷ್ಟರಲ್ಲಿ ಗ್ರಂಥಾಲಯದ ಬಾಗಿಲಲ್ಲಿ ನೋಟೀಸು ಕಂಡಿತು: 'ಇಸ್ಪೀಟು ಪಂದ್ಯಾವಳಿ. ಮಹಡಿಯ ಸಭಾಂಗಣ. ನಲವತ್ತೆಂಟು ಮಂದಿಗೆ ಮಾತ್ರ ಅವಕಾಶ.' ನಾನು ಯಾರನ್ನೂ ಕೇಳದೆ ನಾಲ್ಕು ಹೆಸರು ಬರೆಸಿಬಿಟ್ಟೆ.

ಮನೆಗೆ ಬಂದವಳೇ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಹಾಲಿನ ಬಾಟಲಿಗಳನ್ನು ಇಳಿಸಿ ಒರೆಸತೊಡಗಿದೆ.

"ಏನಿದು?" ಎಂದರು ನನ್ನವರು.

"ಕಪ್ಪಿಗೆ ಜಾಗ."

"ಟೀ ಕಪ್ಪಾ?"

"ರೀ! ಗೆದ್ದ ಕಪ್ಪು!"

ಅವರು ಲಿಫ್ಟ್ ಮೆಕ್ಯಾನಿಕ್. ಯಾವುದಕ್ಕೂ ಗಾಬರಿಯಾಗುವವರಲ್ಲ. "ನೋಡು, ಮೇಲೆ ಹೋದದ್ದು ಕೆಳಗೂ ಬರತ್ತೆ. ಬರೋವಾಗ ನಿಧಾನಕ್ಕೆ ಬರಲಿ ಅಂತ ನೋಡ್ಕೊಳ್ಳೋದೇ ನಮ್ಮ ಕೆಲಸ" ಎಂದು ಸ್ಪ್ಯಾನರ್ ಒರೆಸಿಕೊಂಡರು. ಕೆಲಸಕ್ಕೆ ಬಾರದ ಮಾತು ಎಂದು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನವೇ ಫ್ರಿಜ್ಜಿನ ಬಾಗಿಲಿಗೆ ರಾಜಾಜ್ಞೆ ಅಂಟಿತು. ಆಟದ ನಡುವೆ ಮಾತಿಲ್ಲ. ಹಾಡಿಲ್ಲ. ಸೂಜಿ ದಾರ ಇಲ್ಲ. ಒಂದು ಎಲೆಗೆ ಮೂವತ್ತು ಸೆಕೆಂಡು, ಅಡುಗೆಮನೆಯ ಅಲಾರಂ ಸಾಕ್ಷಿ!

"ನಾವು ಸುಮ್ನೆ ಖುಷಿಗೆ ಆಡೋರು ಕಣೆ," ಎಂದರು ಅತ್ತೆ.

"ಅದೇ ತಪ್ಪು ಅತ್ತೆ! ಸುಮ್ನೆ ಆಡೋದು ಬೇರೆ, ಪಂದ್ಯ ಆಡೋದು ಬೇರೆ. ಅಭ್ಯಾಸ ಬೇಕು, ಶಿಸ್ತು ಬೇಕು. ನೀವೇ ನೋಡಿ, ವಾರಕ್ಕೊಂದು ದಿನ ಎಲೆ ಮುಟ್ಟಿದ್ರೆ ಮುಗೀತು. ಮಂಗಳವಾರ ಇಡೀ ಮಧ್ಯಾಹ್ನ ಕೋಟಿಗೆ ಅಳತೆ ಕೊಡೋಕೆ ಮೇಲೆ ಹೋಗ್ತೀರಿ. ಆ ಹೊತ್ತಲ್ಲಿ ಕೂತು ಅಭ್ಯಾಸ ಮಾಡಬಾರ್ದಾ?"

ಅತ್ತೆ ಕೆಮ್ಮಿದರು. ನಿಜಕ್ಕೂ ಆ ಕೋಟು ಒಂದು ಒಗಟು. ಮೂರು ತಿಂಗಳಿಂದ ಪ್ರತಿ ಮಂಗಳವಾರ ಅತ್ತೆ ಅದನ್ನು ಮೇಲಕ್ಕೆ ಹೊತ್ತುಕೊಂಡು ಹೋಗಿ, ಅಳತೆ ಕೊಟ್ಟು, ಹಾಗೇ ವಾಪಸ್ ತಂದು ಗೂಟಕ್ಕೆ ನೇತುಹಾಕುತ್ತಾರೆ. ಕೋಟಿಗೆ ಇನ್ನೂ ತೋಳೇ ಬಂದಿಲ್ಲ. ಟೈಲರಣ್ಣ ಒಳ್ಳೆಯವರು, ಆದರೆ ಕೆಲಸದಲ್ಲಿ ಆಮೆ ಎಂದುಕೊಂಡಿದ್ದೆ.

ನನ್ನ ತರಬೇತಿ ಆರಂಭವಾಯಿತು. ಮೂವತ್ತು ಸೆಕೆಂಡಿಗೊಮ್ಮೆ ಅಲಾರಂ ಟ್ರಿಣ್ ಎಂದಿತು. ಪ್ರತಿ ಟ್ರಿಣ್‌ಗೂ ಇಲಿಮರಿ ಎದ್ದು ಕಿರುಚಿದಳು. ನಾನು ಓಡಿದೆ, ತಟ್ಟಿ ಮಲಗಿಸಿ ಬಂದೆ, ಮತ್ತೆ ಟ್ರಿಣ್!

"ಕೈ ಖಾಲಿ ಇದ್ರೆ ನನ್ನ ತಲೆ ಓಡಲ್ಲ ತಂಗೀ," ಎಂದು ಟೈಲರಣ್ಣ ಗೋಗರೆದರು.

"ಮಾತಿಲ್ಲ!"

"ಅಯ್ಯೋ, ಇವತ್ತೊಬ್ಬ ಬಂದಿದ್ದ, ಅರಿವಳಿಕೆ ಕೊಡೋ ಮುಂಚೇನೇ ಮೂರ್ಛೆ..." ಎಂದು ಡಾಕ್ಟರಕ್ಕ ಬಾಯಿ ತೆರೆದರು.

"ಅಕ್ಕಾ, ಮಾತಿಲ್ಲ!"

ಡಾಕ್ಟರಕ್ಕ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಗೆದ್ದವಳು ನಾನೇ, ಅದೇ ಹದಿನಾಲ್ಕನೇ ಗೆಲುವು. ಮುಂದಿನ ಬುಧವಾರ ಟೈಲರಣ್ಣನಿಗೆ 'ಅರ್ಜೆಂಟ್ ಆರ್ಡರ್' ಇತ್ತು. ಡಾಕ್ಟರಕ್ಕನಿಗೆ 'ಅರ್ಜೆಂಟ್ ಹಲ್ಲು' ಇತ್ತು. ಮೇಜಿನ ಮುಂದೆ ಅತ್ತೆ, ನಾನು, ಅಲಾರಂ. ಅತ್ತೆ ಗುನುಗಲೂ ಇಲ್ಲ. ನಾನು ಮಾಡಿದ್ದು ಸರಿಯಲ್ಲವೇನೋ ಎಂದು ಒಂದು ಸಲ ಅನಿಸಿತು. ಗೆದ್ದ ಮೇಲೆ ಎಲ್ಲರಿಗೂ ಸಿಹಿ ಹಂಚಿ ಸರಿಮಾಡಿದರಾಯಿತು ಎಂದು ಅದನ್ನೂ ಒಳಕ್ಕೆ ತಳ್ಳಿದೆ.

ಪಂದ್ಯದ ಭಾನುವಾರ ಬಂದೇಬಿಟ್ಟಿತು. ಮೂವರೂ ಮರುಮಾತಾಡದೆ ನನ್ನ ಜೊತೆ ಹೊರಟರು. ಇಲಿಮರಿಯೂ ಅವಳಪ್ಪನೂ ಮನೆಯಲ್ಲಿ.

ಆ ಸಭಾಂಗಣದ ಸೊಗಸು ಏನೆಂದು ಹೇಳಲಿ! ಹನ್ನೆರಡು ಮೇಜು, ಹಸಿರು ಬಟ್ಟೆ, ಸೀಲು ಒಡೆಯದ ಹೊಚ್ಚಹೊಸ ಇಸ್ಪೀಟು ಕಟ್ಟುಗಳು. ನನ್ನ ಮೇಜಿನಲ್ಲಿ ಒಬ್ಬ ಹಿರಿಯರು, ಒಬ್ಬ ಗಡಿಯಾರ ರಿಪೇರಿಯವನು, ಎದುರಿಗೆ ಬಸ್ ಕಂಡಕ್ಟರ್ ಒಬ್ಬಳು. ಅವಳು ಎಲೆ ಕಲೆಸುವಾಗ ಪಾರಿವಾಳಗಳ ಹಿಂಡು ರೆಕ್ಕೆ ಬಡಿದ ಹಾಗೆ ಸದ್ದು! ಕೈಗೆ ಬಂದ ಎಲೆಗಳನ್ನು ಒಮ್ಮೆ ನೋಡಿ ಮಗುಚಿಟ್ಟಳು, ಮತ್ತೆ ನೋಡಲೇ ಇಲ್ಲ. ಯಾರು ಯಾವ ಎಲೆ ಹಾಕಿದರು, ಯಾರ ಕೈಯಲ್ಲಿ ಏನು ಉಳಿದಿದೆ, ಎಲ್ಲ ಅವಳ ಕಣ್ಣಿನಲ್ಲಿತ್ತು. ನೂಕುನುಗ್ಗಲಿನ ಬಸ್ಸಿನಲ್ಲಿ ಯಾರು ಟಿಕೆಟ್ ತಗೊಂಡಿಲ್ಲ ಎಂದು ಗೊತ್ತುಮಾಡುವ ಕಣ್ಣು ಅದು. ಸೋಲುತ್ತಿದ್ದೇನೆ ಎಂಬುದನ್ನೇ ಮರೆತು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಮೊದಲ ಆಟದಲ್ಲಿ ನನಗೆ ಒಂದೇ ಒಂದು ಸುತ್ತು. ಎರಡನೆಯದರಲ್ಲಿ ಅದೂ ಇಲ್ಲ. ಪಕ್ಕದ ಹಿರಿಯರು ನೀರು ಕುಡಿದು ತೇಗಿದಾಗ ನನ್ನ ಕೈ ತಾನಾಗಿ ಅವರ ಬೆನ್ನು ತಟ್ಟಿ "ಆಯ್ತು ಆಯ್ತು, ಜಾಣ" ಎಂದಿತು. ಅವರು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡರು.

ಮೂರನೇ ಆಟ. ಕೈತುಂಬ ರಾಜ ರಾಣಿಯರು! ಇನ್ನೇನು ನನ್ನ ದರ್ಬಾರು ಶುರು ಎನ್ನುವಷ್ಟರಲ್ಲಿ ಕೆಳಗಿನ ಮಕ್ಕಳ ವಿಭಾಗದಿಂದ ಒಂದು ಮಗು "ಊಂವ್ಯಾ!" ಎಂದಿತು.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಕಾಲುಗಳು ಹೊಣೆ. ಹದಿಮೂರು ಎಲೆಗಳನ್ನೂ ಮುಖ ಮೇಲಾಗಿ ಮೇಜಿನ ಮೇಲೆ ಚೆಲ್ಲಿ, "ಬಂದೇ ಬಂಗಾರೀ!" ಎಂದು ಕೂಗಿ, ಮೆಟ್ಟಿಲ ತನಕ ಓಡಿದ ಮೇಲೆಯೇ ಹೊಳೆದದ್ದು: ನನ್ನ ಬಂಗಾರಿ ಮನೆಯಲ್ಲಿದ್ದಾಳೆ!

ತಿರುಗಿ ನೋಡಿದರೆ ಮೂವರೂ ನನ್ನ ರಾಜರಾಣಿಯರನ್ನು ಆರಾಮಾಗಿ ದರ್ಶನ ಮಾಡುತ್ತಿದ್ದಾರೆ. ಇಲ್ಲಿ ಯಾರೂ ಸೀಲಿಂಗ್ ನೋಡುವುದಿಲ್ಲ! ತೀರ್ಪುಗಾರರು ಸೀಟಿ ಊದಿದರು.

"ಎಲೆ ತೋರಿಸಿ ಎದ್ದು ಹೋದ್ರೆ ಆ ಆಟ ಸೋತ ಹಾಗೇನಮ್ಮ."

"ಸರ್, ಅಳು ಕಾನೂನು..."

"ಯಾವ ಕಾನೂನು?"

ನಲವತ್ತೇಳು ಮುಖಗಳು ನನ್ನತ್ತ ತಿರುಗಿದವು. ಕಾನೂನು ವಿವರಿಸುವ ಧೈರ್ಯ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಫಲಿತಾಂಶದ ಹಾಳೆ ಅಂಟಿಸಿದರು. ನನ್ನ ಹೆಸರು ಹುಡುಕುವುದು ಸುಲಭವಾಗಿತ್ತು. ಕೆಳಗಿನಿಂದ ಶುರುಮಾಡಿದರೆ ಮೊದಲನೆಯದೇ. ನಲವತ್ತೆಂಟಕ್ಕೆ ನಲವತ್ತೆಂಟು! ಮೊದಲ ಸ್ಥಾನ ಆ ಬಸ್ ಕಂಡಕ್ಟರಿಗೆ. ಸಂತೋಷ, ಅವಳಿಗೇ ಸಲ್ಲಬೇಕಾದದ್ದು. ಒಂಬತ್ತನೆಯ ಹೆಸರು ಟೈಲರಣ್ಣ. ನಾಲ್ಕನೆಯದು ಡಾಕ್ಟರಕ್ಕ. ಎರಡನೆಯದು...

ಅತ್ತೆ!

ಅತ್ತೆಯ ಕೈಯಲ್ಲಿ ಎರಡನೇ ಬಹುಮಾನದ ಪುಟ್ಟ ಕಪ್ಪು ಹೊಳೆಯುತ್ತಿತ್ತು. ಅವರು ಅದನ್ನು ಕದ್ದ ಮಾಲಿನ ಹಾಗೆ ಚೀಲದೊಳಗೆ ತುರುಕಿಕೊಂಡರು.

ಮನೆಗೆ ಬಂದು ಮೇಜಿನ ಸುತ್ತ ಕೂತೆವು. ನನಗೆ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೇ ಬಂತು. "ನನ್ನ ತಲೆ ಕೆಟ್ಟುಹೋಗಿದೆ ಅಕ್ಕಾ. ಇನ್ನು ಅಂಗಡೀಲಿ ಯಾವ ಮುಖ ಇಟ್ಕೊಂಡು ನಿಲ್ಲಲಿ? ಆದ್ರೆ ಇದೊಂದು ಹೇಳಿ. ಇಷ್ಟು ಚೆನ್ನಾಗಿ ಆಡೋರು ನನ್ನ ಹತ್ರ ಹದಿನಾಲ್ಕು ಸಲ ಹೇಗೆ ಸೋತ್ರಿ?"

ಮೂವರೂ ಸೀಲಿಂಗ್ ನೋಡಿದರು.

ಕೊನೆಗೆ ಡಾಕ್ಟರಕ್ಕ ನಮ್ಮ ಹಳೆಯ ಇಸ್ಪೀಟು ಕಟ್ಟನ್ನು ಎಳೆದುಕೊಂಡು ಒಂದು ಎಲೆಯ ಬೆನ್ನನ್ನು ನನ್ನ ಮುಂದೆ ಹಿಡಿದರು. "ಮೂಲೆ ನೋಡು. ಕೆಳಗಿನ ಎರಡು ಹಲ್ಲು, ಏಳನೇ ತಿಂಗಳ ಕಡಿತ. ಇದು ಡೈಮಂಡ್ ಎಕ್ಕ." ಮಗುಚಿದರು. ಡೈಮಂಡ್ ಎಕ್ಕವೇ! "ಇದು ಮೇಲಿನ ಎರಡೂ ಬಂದ ಮೇಲೆ ಕಡಿದದ್ದು. ಹಾರ್ಟ್ ರಾಜ. ಇದು ಪೂರ್ತಿ ಎಂಟು ಹಲ್ಲು, ಪಾಪ, ಕ್ಲಾವರ್ ರಾಣಿ. ಐವತ್ತೆರಡರಲ್ಲಿ ನಲವತ್ತು ಎಲೆ ನಿನ್ನ ಮಗಳು ರುಚಿ ನೋಡಿದ್ದಾಳೆ. ನಿನ್ನ ಕೈಲಿರೋದೆಲ್ಲ ನಮಗೆ ಕನ್ನಡಿ ಹಾಗೆ ಕಾಣ್ತಿತ್ತು."

ನಾನು ತತ್ತರಿಸಿದೆ. ಮಗಳ ಒಂದೊಂದು ಹಲ್ಲಿಗೂ ಡೈರಿಯಲ್ಲಿ ತಾರೀಖು ಬರೆದ ತಾಯಿ ನಾನು! ಅದೇ ಹಲ್ಲು ನನ್ನ ಅಂಗೈಯಲ್ಲೇ ಅಚ್ಚಾಗಿ ಕೂತಿತ್ತು, ನಾನು ಕಂಡಿರಲಿಲ್ಲ.

"ಎಲ್ಲ ಕಾಣ್ತಿತ್ತು ಅಂದ್ರೆ ನೀವೇ ಗೆಲ್ಲಬಹುದಿತ್ತಲ್ಲ?"

"ಬೆಣ್ಣೆ ಚಾರ್ಜಿಗೆ ಹಾಕೋಕೆ ಹೋದ ದಿನ ನೆನಪಿದ್ಯಾ?" ಎಂದರು ಅತ್ತೆ ಮೆಲ್ಲಗೆ. "ಅವತ್ತು ಬೆಳಿಗ್ಗೆಯೆಲ್ಲ ನೀನು ಅಳ್ತಾ ಕೂತಿದ್ದೆ. ಮಧ್ಯಾಹ್ನ ಆಟ ಗೆದ್ದು ಎಂಥ ನಗು ನಕ್ಕೆ! ಮಗು ಹುಟ್ಟಿದ ಮೇಲೆ ಆ ನಗು ಕೇಳಿರಲಿಲ್ಲ. ಇನ್ನೊಂದು ವಾರ ಕೇಳೋಣ ಅಂದ್ಕೊಂಡ್ವಿ. ಆಮೇಲೆ ಇನ್ನೊಂದು."

ಡಾಕ್ಟರಕ್ಕ ನನ್ನ ಬೆನ್ನು ಸವರಿದರು. "ಅಂಗಡಿ ಚಿಂತೆ ಬಿಡು. ಹದಿನಾಲ್ಕು ವಾರದ ಅಂಕ, ನಾಲ್ಕೂ ಜನರದ್ದು, ಒಂದೂ ತಪ್ಪದೆ ಹೇಳ್ತೀಯಲ್ಲ! ನಿನ್ನ ನೆನಪಿಗೆ ಏನೂ ಆಗಿಲ್ಲ ಕಣೆ. ನಿನಗೆ ಆಟ ಬರಲ್ಲ, ಅಷ್ಟೇ."

ಇಷ್ಟು ನೆಮ್ಮದಿ ಕೊಟ್ಟ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಮೇಲಿನ ರಾಜಾಜ್ಞೆಯನ್ನು ಹರಿದೆ. ಅಲಾರಂ ತೆಗೆದು ಡಬ್ಬಿಗೆ ಹಾಕಿದೆ. ಸೂಜಿ ದಾರವನ್ನು ಟೈಲರಣ್ಣನ ಮುಂದೆ ಇಟ್ಟೆ. ಅವರ ಮುಖ ಅರಳಿತು.

"ಆದ್ರೂ ಅಣ್ಣಾ," ಎಂದೆ ಮೂಗು ಒರೆಸಿಕೊಳ್ಳುತ್ತಾ, "ಪಂದ್ಯದಲ್ಲಿ ಹೊಸ ಎಲೆ, ಹಲ್ಲಿನ ಗುರುತಿಲ್ಲ. ಅಭ್ಯಾಸವೇ ಇಲ್ಲದೆ ಹೇಗೆ ಅಷ್ಟು ಚೆನ್ನಾಗಿ ಆಡಿದ್ರಿ?"

"ಅಭ್ಯಾಸ ಇಲ್ಲ ಅಂತ ಯಾರಂದ್ರು ತಂಗೀ?" ಟೈಲರಣ್ಣ ಸೂಜಿಗೆ ದಾರ ಪೋಣಿಸುತ್ತಾ ನಿಟ್ಟುಸಿರು ಬಿಟ್ಟರು. "ಗೆಲ್ಲೋದು ದೊಡ್ಡ ವಿಷಯಾನಾ? ನಿನ್ನ ಹತ್ರ ಸೋಲೋದು, ಅದೂ ನಿನಗೆ ಅನುಮಾನ ಬರದ ಹಾಗೆ ಸೋಲೋದು, ಅಬ್ಬಬ್ಬಾ! ಅದಕ್ಕಂತಲೇ ಡಾಕ್ಟರಕ್ಕ ರೋಗಿಗಳನ್ನ ಸಂಜೆಗೆ ತಳ್ಳಿ ಬರ್ತಿದ್ರು, ನಾವು ಮೂರೂ ಜನ ಪ್ರತಿ ಮಂಗಳವಾರ ಮೇಲೆ ನನ್ನ ಹೊಲಿಗೆ ಕೋಣೇಲಿ ಮೂರು ಮೂರು ಗಂಟೆ ಕೂತು ಅಭ್ಯಾಸ ಮಾಡ್ತಿದ್ವಿ!"

ನಾನು ಅತ್ತೆಯತ್ತ ನೋಡಿದೆ. ಅತ್ತೆ ಗೂಟದಲ್ಲಿ ನೇತಾಡುತ್ತಿದ್ದ ತೋಳಿಲ್ಲದ ಕೋಟಿನತ್ತ ನೋಡಿದರು.

ಕಪ್ಪು ಈಗ ನಾನು ಒರೆಸಿಟ್ಟ ಶೆಲ್ಫಿನಲ್ಲೇ ಇದೆ. ಅದರ ಅಂಚಿನಲ್ಲಿ ಎಂಟು ಹಲ್ಲಿನ ಗುರುತೂ ಬಿದ್ದಿದೆ. ಇನ್ನು ಮುಂದೆ ಮಂಗಳವಾರ ಮಧ್ಯಾಹ್ನ ಇಲಿಮರಿಯನ್ನು ನೋಡಿಕೊಳ್ಳುವ ಸರದಿ ಅವರದು ಎಂದು ನನ್ನವರಿಗೆ ತಿಳಿಸಿದ್ದೇನೆ. ನನಗೂ ಒಂದು ಕೋಟಿಗೆ ಅಳತೆ ಕೊಡುವುದಿದೆ.