ಒಂದು ಮನೆ, ಒಂದೇ ನೆಪ

“ಭಾವ, ಜ್ವರ ಇಟ್ಕೊಂಡು ಆಫೀಸಿಗೆ ಹೋಗಿ, ಅಲ್ಲಿಂದ ಹಾಗೇ ಮದುವೆ ಊಟಕ್ಕೂ ಹೋಗಿದ್ರಾ? ಪಾಪ, ತುಂಬ ಸುಸ್ತಾಗಿರಬೇಕು!”

ಭಾಮೈದ ನಮ್ಮ ನಡುಮನೆಯಲ್ಲಿ ನಿಂತು ಹೀಗೆ ಕೇಳಿದಾಗ ನಾನು ಜ್ವರವಿಲ್ಲದೆಯೇ ಬೆವರಿದೆ. ಅವನ ಅಂಗಡಿಗೆ ಬಣ್ಣ ಬಳಿಯುವ ದಿನ ನಾನು ತಪ್ಪಿಸಿಕೊಂಡಿದ್ದೆ. ಫೋನಿನಲ್ಲಿ ನಾನು ಜ್ವರ ಎಂದಿದ್ದೆ. ಅದು ಗೊತ್ತಿಲ್ಲದ ಹೆಂಡತಿ ಆಫೀಸು ಎಂದಿದ್ದಳು. ಇಬ್ಬರದೂ ಗೊತ್ತಿಲ್ಲದ ಮಗಳು ಮದುವೆ ಎಂದು ಹೇಳಿ, ವಧುವಿನ ಸೀರೆಯ ಬಣ್ಣವನ್ನೂ ವರ್ಣಿಸಿದ್ದಳು.

ತಪ್ಪು ಯಾರದು? ಯಾರದೂ ಅಲ್ಲ, ಪದ್ಧತಿಯದು. ಇದನ್ನು ವೃತ್ತಿಯ ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಬಸ್ ಟಿಕೆಟ್ ಮುದ್ರಿಸುವ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವುದು ನನ್ನ ಕಸುಬು. ಅಲ್ಲಿಯೂ ಇದೇ ರಾದ್ಧಾಂತ ನಡೆದಿತ್ತು. ಟಿಕೆಟ್ ದರವನ್ನು ಒಬ್ಬೊಬ್ಬರೂ ತಂತಮ್ಮ ಫೈಲಿನಲ್ಲಿ ಬರೆದುಕೊಂಡಿದ್ದರು. ಎಲ್ಲ ಫೈಲುಗಳನ್ನೂ ಜೋಡಿಸುವಾಗ ಕಂಪ್ಯೂಟರು ‘ಒಂದೇ ಹೆಸರು ಹಲವು ಕಡೆ ಹುಟ್ಟಿದೆ, ನಾನೊಲ್ಲೆ’ ಎಂದು ಮುಷ್ಕರ ಹೂಡಿತು. ಮದ್ದು ಅರೆದವನು ನಾನೇ. ದರ ಇರುವುದು ಒಂದೇ ಫೈಲಿನಲ್ಲಿ. ಮಿಕ್ಕ ಫೈಲುಗಳಲ್ಲಿ ‘ಅದು ಬೇರೆ ಕಡೆ ಇದೆ, ಅಲ್ಲಿಂದ ಓದಿಕೋ’ ಎಂಬ ಒಂದು ಸಾಲು, ಅಷ್ಟೆ. ಇಂಥದ್ದಕ್ಕೆ ಗ್ಲೋಬಲ್ ವೇರಿಯಬಲ್ ಎಂದು ಹೆಸರು. (ಹೆಸರು ಕೇಳಿ ಹೆದರಬೇಡಿ. ಎಲ್ಲರೂ ಮುಟ್ಟಬಹುದಾದ ಒಂದು ಡಬ್ಬಿ ಎಂದುಕೊಂಡರೆ ಸಾಕು.)

ಆಫೀಸಿಗೆ ಬಂದ ಬುದ್ಧಿ ಮನೆಗೇಕೆ ಬರಬಾರದು? ಅವಸರವೂ ಇತ್ತು. ಬರುವ ಭಾನುವಾರ ಭಾಮೈದ ಮನೆ ಬದಲಿಸುವವನಿದ್ದ. ಅವನು ಬೀಗ ರಿಪೇರಿಯವನು. ಯಾರೋ ಗಿರಾಕಿ ಬಿಟ್ಟುಹೋದ ಕಬ್ಬಿಣದ ತಿಜೋರಿಯೊಂದು ಅವನಲ್ಲಿದೆ. ಊರಿನ ಬೀಗಗಳನ್ನೆಲ್ಲ ಬಿಚ್ಚುವ ಮಹಾಶಯನಿಗೆ ಅದೊಂದನ್ನು ಬಿಚ್ಚಲು ಇಂದಿಗೂ ಆಗಿಲ್ಲ. ಹಾಗಾಗಿ ಬಿಡಲೊಲ್ಲ, ಹೋದಲ್ಲೆಲ್ಲ ಹೊತ್ತೊಯ್ಯುತ್ತಾನೆ. ಅಂದರೆ ಒಂದು ತುದಿ ಅವನು, ಇನ್ನೊಂದು ತುದಿ ನಾನು. ಹೊಸ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ಈ ಸಲ ಪ್ರಾಣ ಹೋದರೂ ಆ ತಿಜೋರಿಯನ್ನು ಮುಟ್ಟಕೂಡದೆಂದು ನಾನು ಪಣ ತೊಟ್ಟೆ.

ಊಟದ ಮೇಜಿನ ಮುಂದೆ ಶಾಸನ ಹೊರಡಿಸಿದೆ. “ಇವತ್ತಿಂದ ಈ ಮನೇಲಿ ಒಂದೇ ನೆಪ. ಅದು ನಮ್ಮ ಫೋನ್ ಗ್ರೂಪಿನ ಹೆಸರಾಗಿರುತ್ತೆ. ಯಾರಾದ್ರೂ ‘ಯಾಕೆ ಬರಲ್ಲ’ ಅಂತ ಕೇಳಿದ್ರೆ, ಗ್ರೂಪಿನ ಹೆಸರು ನೋಡಿ, ಓದಿ. ಮುಗೀತು.”

‘ನಮ್ಮ ಮುದ್ದು ಸಂಸಾರ’ ಎಂದಿದ್ದ ಗ್ರೂಪಿನ ಹೆಸರನ್ನು ಅಳಿಸಿ ‘ಅಪ್ಪನಿಗೆ ಬೆನ್ನುನೋವು’ ಎಂದು ಬರೆದೆ.

“ನಂಗೆ ಬೇರೆ ನೆಪ ಬೇಕಾದ್ರೆ?” ಮಗಳು ಕೇಳಿದಳು.

“ಬದಲಾಯಿಸ್ಕೋ. ಎಲ್ಲರಿಗೂ ಬದಲಾಗುತ್ತೆ.”

“ಅಲ್ಲಾ ರೀ,” ಹೆಂಡತಿ ಸೌಟು ಹಿಡಿದೇ ಕೇಳಿದಳು, “ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೆ ಗೊತ್ತಾಗದೆ ಹೋದ್ರೆ?”

“ಅದೇ ಕಣೇ ಇದರ ಸೊಗಸು! ಗೊತ್ತಾಗಬೇಕಾಗೇ ಇಲ್ಲ. ತಲೇಲಿ ಏನೂ ಇಟ್ಕೋಬೇಡಿ. ತಲೇಲಿ ಇಟ್ಕೊಂಡ್ರೆ ಅದು ಇನ್ನೊಂದು ಪ್ರತಿ ಆಗುತ್ತೆ.”

“ನಿಮ್ಮ ತಲೇಲಿ ಏನೂ ಇಲ್ಲ ಅನ್ನೋದು ನಂಗೆ ಮೊದಲೇ ಗೊತ್ತಿತ್ತು ಬಿಡಿ,” ಎಂದು ಅವಳು ಪಲ್ಯ ಬಡಿಸಿದಳು.

ಪದ್ಧತಿ ಅದ್ಭುತವಾಗಿ ಕೆಲಸ ಮಾಡಿತು. ಭಾಮೈದ ಅಕ್ಕನಿಗೆ ಫೋನ್ ಮಾಡಿದ: ಬೆನ್ನುನೋವು. ನನ್ನ ಮಗಳನ್ನು ಪುಸಲಾಯಿಸಿ ಕೇಳಿದ: ಬೆನ್ನುನೋವು. ಎರಡೂ ಕಡೆ ಅಕ್ಷರ ವ್ಯತ್ಯಾಸವಿಲ್ಲ. ನಾನು ಆಫೀಸಿನಲ್ಲಿ ಕಾಲು ಚಾಚಿ ಕುಳಿತು ನನ್ನನ್ನೇ ಮೆಚ್ಚಿಕೊಂಡೆ.

ಶನಿವಾರ ಮಧ್ಯಾಹ್ನ, ಟಿಕೆಟ್ ದರದ ಜೊತೆ ಗುದ್ದಾಡುತ್ತಿದ್ದಾಗ ಭಾಮೈದನ ಫೋನು ಬಂತು.

“ಭಾವ, ನಾಳೆ ನಿಜವಾಗ್ಲೂ ಬರೋಕಾಗಲ್ವಾ? ಏನು ವಿಷಯ?”

ಬೆನ್ನುನೋವು ಎನ್ನಲು ನಾಲಿಗೆ ತುರಿಸಿತು. ತಡೆದೆ. ನಿಯಮ ಮಾಡಿದವನೇ ಮುರಿದರೆ? ಗ್ರೂಪು ತೆರೆದು, ಅದರ ಹೆಸರನ್ನು ವಾರ್ತೆ ಓದುವವರ ಗಾಂಭೀರ್ಯದಿಂದ ಓದಿದೆ: “ನಾಳೆ ಆಗಲ್ಲಪ್ಪ. ಹತ್ತಿರದ ನೆಂಟರೊಬ್ಬರು ಮನೆ ಬದಲಾಯಿಸ್ತಿದ್ದಾರೆ, ನಾವೆಲ್ಲ ಸಾಮಾನು ಎತ್ತೋಕೆ ಹೋಗಲೇಬೇಕು.”

ಅರ್ಧ ದಾರಿಯಲ್ಲೇ ನನಗೆ ಅರ್ಥವಾಗಿತ್ತು. ಆದರೆ ಬಾಯಿ ಇಳಿಜಾರಿನಲ್ಲಿತ್ತು, ನಿಲ್ಲಲಿಲ್ಲ.

ಆ ಕಡೆಯಿಂದ ಮೂಗೆಳೆದ ಸದ್ದು. “ಭಾವ... ಆ ನೆಂಟ ನಾನೇ ಅಲ್ವಾ? ಅಷ್ಟು ಬೆನ್ನುನೋವು ಇಟ್ಕೊಂಡೂ ಬರ್ತೀರಾ? ನಂಗೋಸ್ಕರ ಬೇರೆಯವರಿಗೆಲ್ಲ ಆಗಲ್ಲ ಅಂತಿದ್ದೀರಾ? ನಿಮ್ಮನ್ನ ನಾನು ಏನೇನೋ ಅಂದ್ಕೊಂಡಿದ್ದೆ, ಭಾವ!”

ಮನೆಗೆ ಬಂದವನೇ ಹೆಂಡತಿಯ ಮೇಲೆ ಹಾರಿದೆ. “ಬದಲಾಯಿಸಿದ್ದು ನೀನಾ?”

“ಹೂಂ. ನನ್ನ ಗೆಳತಿ ಹೊಸ ಸೋಫಾ ನೋಡೋಕೆ ಬಾ ಅಂತ ಪ್ರಾಣ ತಿಂತಿದ್ಳು. ನಾನೇನು ಸುಳ್ಳು ಬರೆದ್ನಾ? ನನ್ನ ತಮ್ಮನ ಮನೆಗೆ ನಾನು ಹೋಗ್ತೀನಪ್ಪ.”

“ಒಂದು ಮಾತು ಹೇಳೋಕಾಗಲಿಲ್ವಾ?”

“ಗೊತ್ತಾಗಬೇಕಾಗೇ ಇಲ್ಲ, ಅದೇ ಸೊಗಸು ಅಂದ್ರಲ್ಲ!”

ಭಾನುವಾರ ತಿಜೋರಿ ಮೆಟ್ಟಿಲೇರಿತು. “ನಿಧಾನ ಭಾವ, ಬೆನ್ನು! ಬೆನ್ನು ಜೋಪಾನ!” ಎಂದು ಭಾಮೈದ ಅಕ್ಕರೆಯಿಂದ ಕೂಗುತ್ತಿದ್ದ. ಹೊಸಿಲು ದಾಟಿಸುವಾಗ ಏನೋ ಲಟಕ್ಕೆಂದಿತು. ಬೀಗ ಕೊನೆಗೂ ಬಿಚ್ಚಿಕೊಂಡಿತೆಂದು ಅವನು ಸಂಭ್ರಮದಿಂದ ತಿಜೋರಿ ತಡವಿದ. ತಿಜೋರಿ ಭದ್ರವಾಗಿತ್ತು.

ಸೋಮವಾರ ನಾನು ಹಾಸಿಗೆಯಲ್ಲಿ ಹಲಗೆಯಂತೆ ಮಲಗಿದ್ದೆ. ಮಗಳನ್ನು ಶಾಲೆಗೆ ಬಿಡಲೂ ಆಗದ್ದರಿಂದ ಅವಳು ಗೊಣಗುತ್ತ ನಡೆದೇ ಹೋಗಿದ್ದಳು. ಆಫೀಸಿನಿಂದ ಮ್ಯಾನೇಜರ್ ಫೋನು. ಕೈ ಎತ್ತಲಾಗದ ಕಾರಣ ಹೆಂಡತಿ ಸ್ಪೀಕರ್ ಹಾಕಿ ತಾನೇ ಮಾತಾಡಿದಳು.

“ಯಾಕಮ್ಮಾ, ಇವತ್ತು ಬರಲ್ವಂತಾ?”

“ಬೆನ್ನುನೋವು ಅನ್ನು!” ನಾನು ಪಿಸುಗುಟ್ಟಿದೆ. “ಈ ಸಲ ನಿಜ ಕಣೇ!”

ಅವಳು ನನ್ನನ್ನು ನೋಡಿದಳು. ಶಿಸ್ತಾಗಿ ತನ್ನ ಫೋನ್ ತೆಗೆದು ಗ್ರೂಪಿನ ಹೆಸರು ನೋಡಿದಳು. ಶಾಲೆಗೆ ತಡವಾದ ಮಗಳು ಟೀಚರಿಗೆ ಹೇಳಲು ಅದನ್ನು ಆಗಲೇ ಬದಲಾಯಿಸಿದ್ದಳು. ಹೆಂಡತಿ ಸ್ಪಷ್ಟವಾಗಿ, ಒಂದಕ್ಷರ ಬಿಡದೆ ಓದಿದಳು:

“ಅಪ್ಪ ಸೋಮಾರಿ. ಹಾಸಿಗೆ ಬಿಟ್ಟು ಏಳಲೇ ಇಲ್ಲ.”

ಮ್ಯಾನೇಜರ್ ತೃಪ್ತಿಯಿಂದ ಹೇಳಿದರು:

“ಪರವಾಗಿಲ್ಲ ಬಿಡಿಯಮ್ಮಾ. ಇಷ್ಟು ವರ್ಷಕ್ಕೆ ನಿಮ್ಮ ಮನೆಯಿಂದ ನಂಬೋ ಹಾಗಿರೋ ಒಂದು ಕಾರಣ ಬಂತು.”